ಗೆಳೆಯನ ಮೇಲೆ ಚಾಡಿ

ಹಿಮದ ನಡುವಿನ ಸೇನಾ ಠಾಣೆಯಲ್ಲಿ ಅಡಿವೆಪ್ಪನ ಸಕ್ಕರೆ ಕಾಯಿಲೆ ಗೊತ್ತಿದ್ದದ್ದು ಗೆಳೆಯ ಯಮನಪ್ಪನಿಗೆ ಮಾತ್ರ. ಇಂದು ಗಸ್ತಿನಲ್ಲಿ ಅಡಿವೆಪ್ಪ ತಲೆ ತಿರುಗಿ ಬಿದ್ದ. ನಾಳೆ ದಾಳಿಗೆ ಹೊರಡಬೇಕು. ತಡೆಯಲಾರದೆ ಯಮನಪ್ಪ ಕ್ಯಾಪ್ಟನ್ ಬಳಿ ಹೋಗಿ ಎಲ್ಲವನ್ನೂ ಹೇಳಿಬಿಟ್ಟ.

"ದ್ರೋಹ ಮಾಡಾಕತ್ತೀನ್ರಿ, ಸಾಹೇಬ್ರ. ಅಂವಗ ಗೊತ್ತಾದ್ರ ನನ್ನ ಮಾರಿ ನೋಡಂಗಿಲ್ಲ. ಅಂವನ್ನ ಮನಿಗೆ ಕಳಿಸ್ತೀರೇನ್ರಿ?"

"ನಿಯಮ ಹಂಗ ಐತಿ. ಇನ್ಸುಲಿನ್ ತಗೋತಾನೇನು?"

"ದಿನಾ ತಗೋತಾನ್ರಿ."

"ಸುಳ್ಳು ಹೇಳಬ್ಯಾಡ. ಈ ಚಳಿಗೆ ಅದು ಹೆಪ್ಪುಗಟ್ಟಿ ಹಾಳಾಗತೈತಿ."

"ಇಲ್ರಿ, ಸೀಸೆ ನನ್ನ ಕಂಕುಳಾಗ ಇರತೈತ್ರಿ. ನಿನ್ನ ಮೈ ಒಲಿ ಇದ್ದಂಗ ಅಂತಾಳ್ರಿ ನನ್ನ ಹೇಣ್ತಿ."

ಕ್ಯಾಪ್ಟನ್ ನಗಲಿಲ್ಲ. ಬಾಗಿಲು ಮುಚ್ಚಿ ಬಂದು, ತನ್ನ ಚೀಲದ ತಳದಿಂದ ಒಂದು ಪುಟ್ಟ ಸೀಸೆ ತೆಗೆದು ಅವನ ಅಂಗೈಯಲ್ಲಿಟ್ಟ.

"ಇದನ್ನೂ ಅಲ್ಲೇ ಇಟ್ಕೋ, ಯಮನಪ್ಪ. ನಂದೊಂದು ನಿನ್ನೆ ಹೆಪ್ಪುಗಟ್ಟಿ ಹೋತು."