ಸುದ್ದಿ ಮುಟ್ಟಿಸಬೇಕಾದವರು

ನ್ಯಾಯಾಲಯದ ಪಡಸಾಲೆಯಲ್ಲಿ ಶಂಕ್ರವ್ವ ರೊಟ್ಟಿ ಮುರಿದು, ಬದನೆಕಾಯಿ ಪಲ್ಯ ಹಚ್ಚಿ, ಪೊಲೀಸರ ನಡುವೆ ಕೂತಿದ್ದ ಗಂಡನಿಗೆ ಕೊಡುತ್ತಿದ್ದಳು. ಕಾಲುವೆ ನೀರಿನ ಜಗಳದಲ್ಲಿ ಬಾಜೂ ಹೊಲದವನ ತಲೆ ಒಡೆದ ಆರೋಪದ ಮೇಲೆ ಗೌರೀಶನನ್ನು ನಿನ್ನೆ ಹಿಡಿದಿದ್ದರು. ವಕೀಲ ಜಹೀರ್ ಬಂಧನದ ಕಾಗದ ನೋಡುತ್ತಿದ್ದರು.

"ಯಾಕ ಹಿಡದೇವಿ ಅಂತ ಹೇಳ್ಯಾರ. ಇಪ್ಪತ್ನಾಕ್ ತಾಸಿನೊಳಗ ಇಲ್ಲಿ ಕರಕೊಂಡ ಬಂದಾರ. ಆರೋಪಿ ಹೇಳಿದವ್ರಿಗೆ ಸುದ್ದಿನೂ ಮುಟ್ಟಿಸ್ಯಾರ, ಅದು ಅವನ ಹಕ್ಕು," ಎಂದು ಹೇಳಿ, ಬೆರಳಿಟ್ಟು ಹೆಸರು ಓದಿದರು. "ಅಮೃತಾ. ತಮ್ಮನ ಹೆಂಡತಿ."

ಶಂಕ್ರವ್ವನ ಕೈ ನಿಂತಿತು. ಠಾಣೆಯವರು ಸಿಕ್ಕ ನಂಬರಿಗೆ ಫೋನ್ ಹಚ್ಚಿದಾಗ ಅದು ಅಮೃತಾಗೆ ಹೋಗಿರಬೇಕು ಎಂದೇ ಅವಳು ತಿಳಿದಿದ್ದಳು. "ಆಕಿ ಹೆಸರು ನೀವ ಹೇಳಿದ್ರ್ಯಾ?" ಎಂದು ಗಂಡನನ್ನು ಕೇಳಿದಳು. "ನಿನಗ ಹೇಳಿದ್ರ ಹೋ ಅಂತ ಅಳ್ಕೋತ ಕುಂದ್ರತಿದ್ದಿ," ಅವನು ಅಗಿಯುತ್ತಲೇ ಅಂದ. "ಆಕಿ ನೋಡು, ತಾಸಿನ್ಯಾಗ ವಕೀಲರನ್ನ ಕರಕೊಂಡ ಬಂದ್ಲು. ಓದಿದಾಕಿ." ಕಂಬದ ಹತ್ತಿರ ಫೈಲು ಹಿಡಿದು ನಿಂತಿದ್ದ ಅಮೃತಾ, "ಇರ್ಲಿ ಬಿಡ್ರಿ ಭಾವಾರ," ಎಂದಳು. ಆದರೆ ಅವಳ ಮುಖ ಅರಳಿತ್ತು. ಅಷ್ಟು ಚಂದದ ಮುಖವನ್ನು ಶಂಕ್ರವ್ವ ಆವತ್ತಿನವರೆಗೆ ಸರಿಯಾಗಿ ನೋಡಿರಲಿಲ್ಲ.

ಒಳಗಿನಿಂದ ಗೌರೀಶನ ಹೆಸರು ಕೂಗಿದರು. ಅವನು ಕೈ ಒರೆಸಿಕೊಂಡು ಪೊಲೀಸರೊಂದಿಗೆ ಎದ್ದ. ವಕೀಲರು ಮುಂದಾದರು, ಅಮೃತಾ ಅವರ ಹಿಂದೆ. ಬಾಗಿಲು ದಾಟುತ್ತಿದ್ದ ಆ ಬೆನ್ನುಗಳಿಗೆ ಶಂಕ್ರವ್ವ ಅಂದಳು, "ವಕೀಲ್ರ, ಆ ಕಾಗದದಾಗ ನನ್ನ ಹೆಸರೂ ಬರೀರಿ."