ಹಳದಿ ಅಂಗಿಯ ಕೈವಾಡ

ಆಣೆ ಮಾಡಿ ಹೇಳುತ್ತೇನೆ, ಇದು ನಡೆದದ್ದೇ. ಕೊಡೆ ಹೆಚ್ಚು ಮಾರಾಟವಾದ ವರ್ಷ ಕೆರೆ ತುಂಬಿದ್ದಕ್ಕೆ ಕೊಡೆಯೇ ಕಾರಣ ಎಂದು ಬರೆದು, ಸಂಖ್ಯಾಶಾಸ್ತ್ರದಲ್ಲಿ ಎರಡೇ ಅಂಕಕ್ಕೆ ಫೇಲಾದೆ.

"ಮಳೆ ಅನ್ನೋದು ಒಂದಿದೆ ಕಣಯ್ಯ! ಜೊತೆಗೆ ಆಗಿದ್ದೆಲ್ಲ ಕಾರಣ ಆಗಲ್ಲ," ಎಂದು ಕೆಂಚಪ್ಪ ಮೇಷ್ಟ್ರು ಎಲ್ಲರೆದುರು ಆಡಿಕೊಂಡರು.

ಬಿಡುತ್ತೇನೆಯೇ? ಅವರು ಹಳದಿ ಅಂಗಿ ತೊಟ್ಟು ಬಂದಾಗಲೆಲ್ಲ ಪ್ರಿನ್ಸಿಪಾಲರ ದನಿಯಲ್ಲಿ ಸ್ಟಾಫ್ ರೂಮಿಗೆ ಫೋನು ಮಾಡಿ ಅವರನ್ನು ಬೈದೆ. ನಾಲ್ಕನೇ ಬೈಗುಳದ ನಂತರ ಆ ಅಂಗಿ ಮಾಯವಾಯಿತು.

ತರಗತಿಯಲ್ಲಿ ಎದ್ದು ನಿಂತೆ.

"ಸಾರ್, ಹಳದಿ ಅಂಗಿ ಯಾಕೆ ಬಿಟ್ರಿ?"

"ಅದು ಹಾಕಿದ ದಿನ ಬೈಗುಳ ಗ್ಯಾರಂಟಿ ಕಣೋ."

"ನೀವೂ ಅಂಗಿನೇ ಕಾರಣ ಅಂದ್ರಲ್ಲ!" ಎಂದವನೇ, "ಏನ್ರೀ ಕೆಂಚಪ್ಪ, ಬುದ್ಧಿ ಇದೆಯೇನ್ರೀ?" ಎಂದು ಪ್ರಿನ್ಸಿಪಾಲರ ದನಿ ತೆಗೆದೆ. "ಫೋನ್ ಮಾಡಿದ್ದು ನಾನು. ಈಗ ನನ್ನ ಎರಡು ಅಂಕ ಕೊಡಿ!"

ತರಗತಿ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಮೇಷ್ಟ್ರೇ.

"ಅಂಗಿ ನೋಡಿ ತಾನೇ ಫೋನ್ ಮಾಡ್ತಿದ್ದೆ? ಹಾಗಾದ್ರೆ ಈ ಸಲ ನಿಜವಾಗ್ಲೂ ಅಂಗಿನೇ ಕಾರಣ. ಮತ್ತೆ ಫೇಲಾದೆ, ಕೂತ್ಕೋ!"