ಮಣ್ಣಿಗೆ ಬರ್ರಿ

ಹೊಸ್ತಿಲಾಚೆ ನಿಂತು ಅಪ್ಪಾಸಾಮಿ ನಕ್ಕ. ಎರಡೂ ಕೈಗೆ ಮೊಣಕೈವರೆಗೆ ಹಸಿ ಕೆಸರು.

"ನಾಳಿ ನಮ್ಮ ಮನಿಗೆ ಮಣ್ಣಿಗೆ ಬರ್ರಿ," ಎಂದ. "ನಾಲ್ಕು ಮಂದಿ ಸಾಕು."

ಒಳಗೆ ಜಗದೇವಪ್ಪನ ಮಗಳ ನಿಶ್ಚಯಕ್ಕೆ ಬಂದ ಬೀಗರು ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟರು. ಅವನ ಮೈಯೆಲ್ಲ ಉರಿದುಹೋಯಿತು. ಸುರಪುರದಲ್ಲಿ ಮಣ್ಣಿಗೆ ಹೋಗುವುದೆಂದರೆ ಹೆಣದ ಹಿಂದೆ ಹೋಗುವುದು. ಮಣ್ಣಿಗೆ ಕರೆದರೆ ಕರೆದವನ ಮನೆಯಲ್ಲಿ ಯಾರೋ ಸತ್ತಿದ್ದಾರೆ ಎಂದರ್ಥ. ಈ ಮನುಷ್ಯ ಶುಭಕಾರ್ಯದ ಬಾಗಿಲಿಗೆ ಬಂದು ಹಲ್ಲು ಕಿರಿಯುತ್ತ ಕರೆಯುತ್ತಿದ್ದಾನೆ. ಅದೂ ನಾಳೆಗೆ.

ಅಪ್ಪಾಸಾಮಿ ಜಗದೇವಪ್ಪನ ಹಿತ್ತಲ ಮನೆಯ ಬಾಡಿಗೆದಾರ. ಮಾರಿಷಸ್ಸಿನ ಅಂಚೆ ಕಚೇರಿಯಲ್ಲಿ ನಿವೃತ್ತನಾಗಿ, ಮುತ್ತಜ್ಜ ಹಡಗು ಹತ್ತುವ ಮುಂಚೆ ಈ ಸೀಮೆಯಲ್ಲಿದ್ದನೆಂದು ಯಾರೋ ಹೇಳಿದ್ದನ್ನು ನಂಬಿ, ಉಳಿದ ಆಯುಷ್ಯ ಇಲ್ಲೇ ಕಳೆಯಲು ಹೆಂಡತಿ ಲಿಸೆಟ್ ಜೊತೆ ಬಂದವನು. ಮುಖ ನಮ್ಮವರದೇ. ನಾಲಿಗೆ ಮಾತ್ರ ಇಲ್ಲಿಯದಲ್ಲ. ಕಟ್ಟೆಯ ಮೇಲೆ ಅವನು ಬಂದು ಕೂತರೆ ನಡೆಯುತ್ತಿದ್ದ ಮಾತು ನಿಂತುಹೋಗುತ್ತಿತ್ತು.

ಲಿಸೆಟ್ ಹೊರಗೆ ಕಾಣಿಸದೆ ಬಹಳ ದಿನವಾಗಿತ್ತು. ಕೈಗೆ ಹಸಿ ಮಣ್ಣು, ಬಾಯಲ್ಲಿ ಮಣ್ಣಿನ ಮಾತು. ಜಗದೇವಪ್ಪ ಹೆಂಡತಿ ಸೌಭಾಗ್ಯಳನ್ನು ಕರೆದುಕೊಂಡು ಹಿತ್ತಲಿಗೆ ನುಗ್ಗಿದ. ಏನು ಹೂತಿದ್ದಾನೋ ನೋಡಿಯೇಬಿಡಬೇಕಿತ್ತು.

ಲಿಸೆಟ್ ಜೀವಂತವಾಗಿದ್ದಳು. ತಿಗರಿಯ ಮುಂದೆ ಕೂತು ಗಡಿಗೆ ತಿರುಗಿಸುತ್ತಿದ್ದಳು. ಅವಳ ಸುತ್ತ ನಾಲ್ಕು ಮಣೆ ಹಾಕಿತ್ತು, ನಾಲ್ಕೂ ಖಾಲಿ.

ಹರುಕುಮುರುಕು ಕನ್ನಡದಲ್ಲಿ ಅಪ್ಪಾಸಾಮಿ ಬಿಡಿಸಿ ಹೇಳಿದ. ಲಿಸೆಟ್‌ಳ ಹೃದಯ ದುರ್ಬಲ, ತಿರುಗಾಡಬಾರದೆಂದು ಯಾದಗಿರಿಯ ಡಾಕ್ಟರು ಹೇಳಿದ್ದಾರೆ. ಅವಳಿಗೆ ಒಂದೇ ಆಸೆ. ತಮ್ಮ ದ್ವೀಪದಲ್ಲಿ ನಿವೃತ್ತರೆಲ್ಲ ಹೀಗೆ ಕೂತು ಮಣ್ಣು ಕಲಸುತ್ತ ಗೆಳೆಯರಾಗುತ್ತಾರೆ. ಇಲ್ಲೂ ನಾಲ್ಕು ಮಂದಿ ಮನೆಗೆ ಬರಬೇಕು, ಅವಳಿರುವಾಗಲೇ ಬರಬೇಕು. ಇಲ್ಲಿಯವರು ಅಂಗಡಿ ಮುಚ್ಚಿ ಗುಂಪುಗುಂಪಾಗಿ "ಮಣ್ಣಿಗೆ ಹೊಂಟೇವಿ" ಎನ್ನುವುದನ್ನು ಕೇಳಿ, ಈ ಊರಲ್ಲಿ ಮಣ್ಣಿನ ಕೆಲಸಕ್ಕೆ ಇಷ್ಟೊಂದು ಮರ್ಯಾದೆಯೇ ಎಂದು ಗಂಡಹೆಂಡತಿ ಹಿಗ್ಗಿದ್ದರಂತೆ.

ಜಗದೇವಪ್ಪ ಮೂಗು ಮುರಿದ. ಹಲ್ಲುದುರುವ ವಯಸ್ಸಿನಲ್ಲಿ ಕೆಸರಾಟ. ಸೌಭಾಗ್ಯಳೇ ತಿದ್ದಿದಳು.

"ಹಂಗ ಅನಬ್ಯಾಡ್ರಿ. ಮಣ್ಣಿಗೆ ಬರ್ರಿ ಅಂತ ಸತ್ತವರ ಮನ್ಯಾಗಷ್ಟೇ ಕರೀತಾರ. ನೀವು ಗಡಿಗಿ ಮಾಡಾಕ ಬರ್ರಿ ಅನ್ರಿ."

ಅಪ್ಪಾಸಾಮಿಯ ಮುಖ ಸಪ್ಪಗಾಯಿತು. ಬೀಗರ ಮುಂದೆ ಹೋಗಿ ಕೈಮುಗಿದು ಬಂದ. ಮರುದಿನದಿಂದ ಓಣಿ ಓಣಿ ತಿರುಗಿ, ಗಡಿಗಿ ಮಾಡಾಕ ಬರ್ರಿ ಎಂದು ಕರೆಯತೊಡಗಿದ.

ಊರಿಗೆ ಅಷ್ಟು ಸಾಕಾಯಿತು. ಚಹಾದ ಹೋಟೆಲಿನಲ್ಲಿ ಅವನ ಹೆಸರು ಮಣ್ಣಪ್ಪ ಎಂದಾಯಿತು. ಇವತ್ತು ಮಣ್ಣಿಗೆ ಕರೆಯುವುದಿಲ್ಲವೇ ಎಂದು ಕೇಳಿ ಒಬ್ಬರ ಬೆನ್ನು ಒಬ್ಬರು ತಟ್ಟಿ ನಗುವರು. ಕರೆದರೆ ಎಲ್ಲರೂ "ಬರ್ತೀವ್ರಿ" ಎನ್ನುವರು. ಒಬ್ಬರೂ ಬರಲಿಲ್ಲ. ಗಡಿಗೆ ಒಯ್ಯಲು ಮಾತ್ರ ಬಂದರು. ಭೀಮಾಬಾಯಿ ಮೊಸರಿಗೆಂದು ಒಂದು ಒಯ್ದಳು. ವಿಶ್ವರಾಧ್ಯ ಮಾಸ್ತರರು ಗುಬ್ಬಿಗೆ ನೀರಿಡಲು ಎರಡು ಒಯ್ದರು. ಇಬ್ಬರೂ ಗೇಟಿನಾಚೆಯೇ ನಿಂತು ಕೈಚಾಚಿದರು. ಕುಂಬಾರರ ಕೆಲಸಕ್ಕೆ ಕೂತರೆ ಜನ ಏನಂದಾರು ಎಂಬುದು ಜಗದೇವಪ್ಪನ ವಾದ. ಇಡೀ ಓಣಿ ಅದಕ್ಕೆ ತಲೆದೂಗಿತು. ಥೂ, ಎಂಥ ಜನ!

ಲಿಸೆಟ್ ಮಧ್ಯಾಹ್ನವಾದರೆ ಮಣೆ ಹಾಕಿಸುವಳು. ಸಂಜೆ ಅಪ್ಪಾಸಾಮಿ ಅವನ್ನು ಒರೆಸಿ ಒಳಗಿಡುವನು.

ಶ್ರಾವಣದ ಒಂದು ಬೆಳಿಗ್ಗೆ ಅವನು ಮತ್ತೆ ಹೋಟೆಲಿಗೆ ಬಂದ. ಬಿಳಿ ಅಂಗಿ ತೊಟ್ಟಿದ್ದ, ಕೈ ತೊಳೆದುಕೊಂಡಿದ್ದ.

"ಮಣ್ಣಿಗೆ ಬರ್ರಿ," ಎಂದ.

ಹೋಟೆಲು ಹೋಟೆಲೇ ನಕ್ಕಿತು. ಕಲಿಸಿದ ಪಾಠ ಮರೆತುಬಿಟ್ಟನೆಂದು ಮಾಸ್ತರರು ಕಣ್ಣೊರೆಸಿಕೊಂಡರು. ಎಲ್ಲರೂ ಎಂದಿನಂತೆ ಬರ್ತೀವಿ ಎಂದರು. ಅವನು ಪ್ರತಿಯೊಬ್ಬರಿಗೂ ಕೈಮುಗಿದು ಮುಂದಿನ ಓಣಿಗೆ ನಡೆದ. ಕೊನೆಗೆ ಜಗದೇವಪ್ಪನ ಅಂಗಡಿಯ ಮುಂದೆ ಬಂದು ಅದನ್ನೇ ಹೇಳಿದ.

ವರ್ಷಗಟ್ಟಲೆ ಇಲ್ಲಿನ ಅನ್ನ ತಿಂದರೂ ಒಂದು ಮಾತು ನೆಟ್ಟಗೆ ಬಾರದ ದಡ್ಡ. ಜಗದೇವಪ್ಪ ಬಾಯಲ್ಲಿದ್ದ ತಂಬಾಕನ್ನು ಅವನ ಕಾಲ ಹತ್ತಿರವೇ ಉಗುಳಿದ.

"ಇವತ್ತ ಅಂಗಡ್ಯಾಗ ಮಾಲು ಇಳ್ಯೂದದ. ನಾಳಿ ನೋಡೂಣಂತ."

"ನಾಳಿ ಆಗಂಗಿಲ್ರಿ," ಎಂದ ಅಪ್ಪಾಸಾಮಿ.

ಜಗದೇವಪ್ಪ ಬೆನ್ನು ತಿರುಗಿಸಿದ.

ಮಧ್ಯಾಹ್ನ ಬಾಡಿಗೆ ಓಡಿಸುವ ಶಾಕೀರನ ಮೂರು ಗಾಲಿಯ ಟಂಟಂ ಹಿತ್ತಲ ಕಡೆಯಿಂದ ಮೆಲ್ಲಗೆ ಬಂತು. ಹಿಂದೆ ಬಿಳಿ ಬಟ್ಟೆ ಹೊದಿಸಿದ ಉದ್ದನೆಯ ಸಾಮಾನು. ಪಕ್ಕದಲ್ಲಿ ಅಪ್ಪಾಸಾಮಿ ಅದು ಅಲುಗದಂತೆ ಕೈಯಿಟ್ಟು ಕೂತಿದ್ದ. ಗಡಿಗೆ ಮಾರಲು ಸಂತೆಗೆ ಹೊರಟನೆಂದು ಜಗದೇವಪ್ಪ ಮುಖ ಕಿವುಚಿದ. ಶಾಕೀರ ಗಾಡಿ ನಿಲ್ಲಿಸಿ ಇಳಿದು ಬಂದ.

"ಸಾಹುಕಾರ್ರ, ಹೊರಾಕ ನಾವಿಬ್ರೇ ಅದೀವಿ, ಇನ್ನಿಬ್ಬರು ಬೇಕು. ಲಿಸೆಟ್ ಬಾಯಾರು ನಸುಕಿನ್ಯಾಗ ತೀರ್ಕೊಂಡಾರ."

ಅಂದು ಬೆಳಿಗ್ಗೆ ಅಪ್ಪಾಸಾಮಿಯ ಕನ್ನಡ ಸರಿಯಾಗಿಯೇ ಇತ್ತು.